ಇಲ್ಲವೆಂದ ಮೂರನೆಯ ಸಂಪುಟ

ಸುಜಾತಾ ಅವರೇ, ಮೂರನೆಯ ಸಂಪುಟ ನನ್ನ ಬಳಿ ಇತ್ತು. ನೀವು ನಿಪ್ಪಾಣಿಯಿಂದ ಬಸ್ಸು ಹತ್ತಿ ಚಿಕ್ಕೋಡಿಗೆ ಬಂದು, ನನ್ನ ಮೇಜಿನ ಎದುರು ಕೂತು ಕೇಳಿದ ದಿನ ಅದು ಅದೇ ಮೇಜಿನ ಕೆಳಗಿನ ಖಾನೆಯಲ್ಲಿತ್ತು — ನಿಮ್ಮ ಮೊಣಕಾಲಿಗೂ ಅದಕ್ಕೂ ನಡುವೆ ಒಂದು ಹಲಗೆ, ಅಷ್ಟೇ. ನಾನು ಇಲ್ಲ ಎಂದೆ. ಅದಾಗಿ ಆರು ವರ್ಷ.

ಯಾಕೆ ಎಂದು ಕೇಳುತ್ತೀರಿ. ಹೊಟ್ಟೆಕಿಚ್ಚು. ಇದಕ್ಕಿಂತ ಮರ್ಯಾದೆಯ ಹೆಸರು ಸಿಗುತ್ತದೇನೋ ಎಂದು ಬಹಳ ಹುಡುಕಿದೆ — ನಿಯಮ, ಜವಾಬ್ದಾರಿ, ಹಳೆಯ ಪುಸ್ತಕದ ಸುರಕ್ಷತೆ — ಯಾವುದೂ ಹೊಂದಲಿಲ್ಲ.

ಅಥಣಿಯ ಆ ಸಭೆಯಲ್ಲಿ ಶುರುವಾದದ್ದು. ಹಳೆಯ ಸರ್ಕಾರಿ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಯಾರದು ಎಲ್ಲಿಗೆ ಬಂತು ಎಂದು ಹೇಳಿಕೊಳ್ಳಲು ಈ ಭಾಗದ ಗ್ರಂಥಪಾಲಕರೆಲ್ಲ ವರ್ಷಕ್ಕೊಮ್ಮೆ ಸೇರುತ್ತಿದ್ದೆವಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಹಿರಿಯನೆಂದು ಮೊದಲು ನನ್ನನ್ನೇ ಕರೆದರು. ಡಿಜಿಟಲೀಕರಣದ ಮಹತ್ವದ ಕುರಿತು ಗಂಟಲು ಹರಿಯುವಂತೆ ಮಾತಾಡಿದೆ. ನಮ್ಮ ಗ್ರಂಥಾಲಯದ ಸ್ಕ್ಯಾನರ್ ಇನ್ನೂ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಆಮೇಲೆ ನೀವು ಎದ್ದಿರಿ. ಬಡಿಗನಿಂದ ಮಾಡಿಸಿದ ಒಂದು ಮರದ ಸ್ಟ್ಯಾಂಡು, ಅದರ ಮೇಲೆ ನಿಮ್ಮದೇ ಮೊಬೈಲು. ಇಷ್ಟರಿಂದಲೇ ನಮ್ಮ ಊರುಗಳು ಮುಂಬೈ ಆಡಳಿತದಲ್ಲಿದ್ದ ಕಾಲದ ಗ್ರಾಮ ಪ್ರಕಟಣೆಗಳ ಎರಡು ಸಂಪುಟ ಪೂರ್ತಿ ಪರದೆಯ ಮೇಲೆ! ಯಾವ ಊರಿನ ಗಾಯರಾಣ ಎಲ್ಲಿಂದ ಎಲ್ಲಿಯವರೆಗೆ, ದನಕುರಿ ಮೇಯಲು ಬಿಟ್ಟ ಆ ನೆಲ ಎಷ್ಟು, ಯಾವ ಬಾವಿ ಊರಿಗೆ ಸೇರಿದ್ದು... ಅಂಚಿನಲ್ಲಿ ಯಾರೋ ಕುಲಕರ್ಣಿ ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿ ಗೀಚಿದ್ದನ್ನೂ ನೀವು ಸರಾಗವಾಗಿ ಓದಿ ಕನ್ನಡದಲ್ಲಿ ಹೇಳಿದಿರಿ. ನಿಮ್ಮ ಅಜ್ಜ ಕಲಿಸಿದ್ದಂತೆ. ಅಂಥ ಗೀಚುಗಳನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೆ, ಇರುವೆ ಹರಿದಾಡಿದಂತಿದೆ ಎಂದು ಪುಟ ಮಗುಚುತ್ತಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಊಟದ ಹೊತ್ತಿಗೆ ನೀವು ತಟ್ಟೆ ಹಿಡಿದು ನನ್ನ ಪಕ್ಕಕ್ಕೇ ಬಂದಿರಿ. "ಸರ್ರ, ಆ ಸ್ಕ್ಯಾನರ್ ಡಬ್ಬಿ ಒಡೀರಿ. ನಾ ಒಂದಿನ ಬಂದು ತೋರಸ್ತೀನಿ, ಭಾಳ ಸರಳ ಐತಿ." ಹಂಗಿಸಿದ್ದರೆ ತಿರುಗಿಸಿ ಹಂಗಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀವು ಮನಸಾರೆ ಹೇಳಿದಿರಿ — ಅದನ್ನು ನಾನು ಕ್ಷಮಿಸಲಿಲ್ಲ.

ಕೆಲವು ತಿಂಗಳ ನಂತರ ನಿಮ್ಮ ಫೋನು. ನಾಲ್ಕನೆಯ ಸಂಪುಟ ರಾಯಬಾಗದಲ್ಲಿ ಸಿಕ್ಕಿದೆ, ಮೂರನೆಯದು ಎಲ್ಲಿಯೂ ಇಲ್ಲ, ನಮ್ಮ ಚಿಕ್ಕೋಡಿಯ ಹಳೆಯ ಪುಸ್ತಕಪಟ್ಟಿಯಲ್ಲಿ ಮಾತ್ರ ಅದರ ಹೆಸರಿದೆ ಎಂದಿರಿ. ಫೋನಿಟ್ಟವನೇ ಹೋಗಿ ಕಪಾಟಿನಿಂದ ತೆಗೆದು ಖಾನೆಗೆ ಹಾಕಿದೆ. ನಾನೇ ಸ್ಕ್ಯಾನ್ ಮಾಡುತ್ತೇನೆ, ಮುಂದಿನ ಸಭೆಯಲ್ಲಿ ನಾನೇ ಪರದೆಯ ಮೇಲೆ ತೋರಿಸುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ...

ನೀವು ಬಂದಿರಿ. ಪುಸ್ತಕ ಸುತ್ತಿಕೊಂಡು ಹೋಗಲು ಮೆತ್ತಗಿನ ಹಳೆಯ ಧೋತರ ತಂದಿದ್ದಿರಿ.

"ಅದು ಇಲ್ಲ ಬಿಡ್ರಿ. ರದ್ದಾಗಿ ಭಾಳ ವರ್ಷ ಆತು," ಎಂದೆ.

ನೀವು ಧೋತರವನ್ನು ಮಡಚಿ ಚೀಲಕ್ಕಿಟ್ಟಿರಿ. "ಹೋಗ್ಲಿ ಬಿಡ್ರಿ ಸರ್ರ. ಇದ್ದಿದ್ರ ನೀವು ಇಲ್ಲ ಅಂತಿರ್ಲಿಲ್ಲ."

ನೀವು ಮತ್ತೆ ಬಂದು ವಹಿ ನೋಡಬೇಕು ಎಂದರೆ? ಆ ಭಯಕ್ಕೆ ಅಂದು ಸಂಜೆಯೇ ರದ್ದತಿ ವಹಿ ತೆಗೆದೆ — ಹಾಳಾದ ಪುಸ್ತಕಗಳನ್ನು ಕೈಬಿಟ್ಟೆವು ಎಂದು ಬರೆದಿಡುವ ವಹಿ. ಹಳೆಯ ಪುಟವೊಂದರ ಕೊನೆಯಲ್ಲಿ ಜಾಗವಿತ್ತು. ಸಂಪುಟದ ನಂಬರು ಬರೆದು, "ಹುಳು ತಿಂದಿದೆ" ಎಂದು ಸೇರಿಸಿ ಸಹಿ ಹಾಕಿದೆ. ಅದನ್ನು ಒಂದು ಹುಳುವೂ ಮುಟ್ಟಿರಲಿಲ್ಲ.

ಸ್ಕ್ಯಾನರ್ ಡಬ್ಬಿಯನ್ನೂ ಒಡೆದೆ. ಗಾಜಿನ ಮೇಲೆ ಪುಸ್ತಕವನ್ನು ಬೋರಲು ಒತ್ತಿದರೆ ಬೆನ್ನು ಚಟಚಟ ಎನ್ನುತ್ತಿತ್ತು. ಅನುಕ್ರಮಣಿಕೆ ಸೇರಿ ಹನ್ನೊಂದು ಪುಟ ಆಗುವಷ್ಟರಲ್ಲಿ ಹೊಲಿಗೆ ಬಿಟ್ಟಿತು. ನಿಮ್ಮ ಮರದ ಸ್ಟ್ಯಾಂಡು ಯಾಕೆ ಬೇಕು ಎಂಬುದು ಆಗ ಗೊತ್ತಾಯಿತು. ನಿಮ್ಮನ್ನು ಕೇಳಬಹುದಿತ್ತು — ಕೇಳಿದರೆ ನೀವು ಬರುತ್ತಿದ್ದಿರಿ ಎಂಬುದೇ ನನಗೆ ಬೇಡವಾಗಿತ್ತು. ಸಂಪುಟವನ್ನು ಹಿಂದಿನ ಕೋಣೆಯ ಕಪಾಟಿನಲ್ಲಿ ತುರುಕಿದೆ.

ಆಮೇಲೊಮ್ಮೆ ಮಗಳ ಮದುವೆಗೆಂದು ನಾನು ರಜೆಯ ಮೇಲಿದ್ದಾಗ ರದ್ದಿ ಹೊರಹಾಕುವ ಆದೇಶ ಬಂದಿದೆ. ನಮ್ಮ ಸಹಾಯಕಿ ಗಂಗವ್ವ ವಹಿ ಹಿಡಿದು ಒಂದೊಂದೇ ನಂಬರು ತಾಳೆ ನೋಡಿದ್ದಾಳೆ. ಮೂರನೆಯ ಸಂಪುಟದ ನಂಬರು ರದ್ದತಿಯಲ್ಲಿದೆ, ಪುಸ್ತಕ ಕಪಾಟಿನಲ್ಲಿದೆ. ಚೀಲಕ್ಕೆ ಹಾಕಿ ಕಳಿಸಿದ್ದಾಳೆ.

"ನೀವ ಬರದಿಟ್ಟೀರಲ್ರಿ ಸರ್ರ, ನಿಮ್ಮ ಸಹಿನೂ ಐತಿ," ಎಂದಳು. ರಜೆ ಮುಗಿಸಿ ಬಂದವನು ಅಲ್ಲಿಂದಲೇ ರದ್ದಿಯವನ ಅಂಗಡಿಗೆ ಓಡಿದೆ. ಲಾರಿ ಕೊಲ್ಹಾಪುರದ ಕಡೆ ಹೋಗಿ ನಾಲ್ಕು ದಿನ ಆಗಿತ್ತು.

ಇಷ್ಟನ್ನು ನುಂಗಿಕೊಂಡೇ ನಿವೃತ್ತಿಯವರೆಗೂ ಹೋಗುತ್ತಿದ್ದೆನೋ ಏನೋ... ಕಳೆದ ವಾರ ಕೊಕಟನೂರಿನ ಕಡೆಯ ಒಬ್ಬ ಹಿರಿಯರು ಬಂದರು, ಕುರಿ ಸಾಕುವವರು. "ನಿಪ್ಪಾಣಿ ಬಾಯೋರು ಕಳಸ್ಯಾರ್ರಿ," ಎಂದು ನಿಮ್ಮ ಹೆಸರು ಹೇಳಿದರು. ಅವರ ಊರಿನ ಗಾಯರಾಣದಲ್ಲಿ ಯಾರೋ ಕಬ್ಬು ನೆಡಲು ಹೊರಟಿದ್ದಾರೆ. ಅದು ಊರಿನ ನೆಲ ಎಂದು ತೋರಿಸಲು ಹಳೆಯ ಪ್ರಕಟಣೆ ಬೇಕು. ನಿಮ್ಮಲ್ಲಿರುವ ಮೂರೂ ಸಂಪುಟಗಳಲ್ಲಿ ಹುಡುಕಿಸಿ, ಸಿಗದೆ, ನಮ್ಮಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಲು ಬಂದಿದ್ದರು. ಇಲ್ಲ ಎಂದೆ — ಎರಡನೆಯ ಸಲ.

"ಹಂಗಾರ ನಮ್ಮೂರ ಹೆಸರ ಸರಕಾರದಾಗ ಎಲ್ಲ್ಯೂ ಬರದೇ ಇಲ್ಲೇನ್ರಿ?"

ಅವರು ಹೋದ ಮೇಲೆ, ಆ ಸಂಪುಟಗಳನ್ನು ನೀವು ಏರಿಸಿಟ್ಟ ಜಾಲತಾಣವನ್ನು ಮೊದಲ ಬಾರಿ ತೆರೆದೆ. ಇಷ್ಟು ವರ್ಷ ಉರಿಯಿಂದ ತೆರೆದಿರಲಿಲ್ಲ. ಮೂರು ಸಂಪುಟಗಳು ಸಾಲಾಗಿ, ಚೊಕ್ಕವಾಗಿ ಇರುವುದನ್ನು ಕಂಡು ಈಗಲೂ ಉರಿಯಿತು, ಸುಳ್ಳೇಕೆ ಹೇಳಲಿ. ಖಾಲಿ ಜಾಗದಲ್ಲಿ ನೀವು ಬರೆದಿದ್ದೀರಿ: "ಮೂರನೆಯ ಸಂಪುಟ ಲಭ್ಯವಿಲ್ಲ. ಹುಡುಕಲು ನೆರವಾದ ಚಿಕ್ಕೋಡಿಯ ಹಿರಿಯ ಗ್ರಂಥಪಾಲಕರಿಗೆ ಕೃತಜ್ಞತೆಗಳು." ಕೆಳಗೆ ನನ್ನ ಹೆಸರು.

ಅದನ್ನು ಅಳಿಸಿರಿ. ಬಚ್ಚಿಟ್ಟವನು, ಹಾಳು ಮಾಡಿದವನು ಎಂದು ಅದೇ ಹೆಸರಿನ ಮುಂದೆ ಬರೆಯಿರಿ. ಅಂದು ಸ್ಕ್ಯಾನ್ ಆಗಿದ್ದ ಆ ಹನ್ನೊಂದು ಪುಟಗಳನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ನಾಳೆ ಕೊಕಟನೂರಿನ ಬಸ್ಸು ಹತ್ತುತ್ತೇನೆ. ಆ ಹಿರಿಯರಿಗೆ ನಾನೇ ಹೇಳಬೇಕು. ಅವರ ಊರಿನ ಪುಟ ಈ ಹನ್ನೊಂದರಲ್ಲಿ ಇಲ್ಲ. ಆದರೆ ಊರಿನ ಹೆಸರು ಅನುಕ್ರಮಣಿಕೆಯಲ್ಲಿದೆ, ಸುಜಾತಾ — ಅವರು ಎದುರಿಗೆ ನಿಂತು ಕೇಳಿದಾಗಲೂ ನನಗದು ಗೊತ್ತಿತ್ತು.