ಮಾವನ ಸ್ಪೀಕರ್

ನಮ್ಮತ್ತೆಯ ಎರಡೂ ಹೆಬ್ಬೆರಳುಗಳ ಉಗುರಿನ ಅಂಚಿನಲ್ಲಿ ಯಾವಾಗಲೂ ಅಂಟು ಒಣಗಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳು ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಉರಿಗಾಂ ಚಿನ್ನದ ಗಣಿ ಕಾರ್ಮಿಕರ ಲೈನಿನ ಇಕ್ಕಟ್ಟಾದ ಮನೆಯಲ್ಲಿ ಸಾಕಿದವಳು. ಗಣಿ ಮುಚ್ಚಿದ ಮೇಲೆ ಮಾವ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದರು. ಅವರ ಆಂಪ್ಲಿಫೈಯರ್ ಬಿಚ್ಚಿ ಕೂಡಿಸುತ್ತಲೇ ಅತ್ತೆ ರಿಪೇರಿ ಕಲಿತಳು. ಆಮೇಲೆ ಬಂಗಾರಪೇಟೆಯ ಭಜನೆ ಮಂಡಳಿಯವರೂ ಹರಿದ ಸ್ಪೀಕರ್ ಹೊತ್ತು ಬರತೊಡಗಿದರು.

ಮೊದಲು ಒಂದು ಟಾರ್ಚ್ ಸೆಲ್ಲಿಗೆ ಸ್ಪೀಕರಿನ ವೈರು ಹಿಡಿದು ಮುಟ್ಟಿಸುತ್ತಿದ್ದಳು. ಸ್ಪೀಕರ್ ಟಕ್ ಅಂದರೆ ಜೀವ ಇದೆ ಎಂದರ್ಥ. ಆಮೇಲೆ ಕಾಗದದ ಕೋನನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕಿವಿ ಹತ್ತಿರ ತರುತ್ತಿದ್ದಳು. ಕರಕರ ಅಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ. "ಇದು ಓಯ್ತು, ಬೇರೆ ಆಕ್ಸು" ಎಂದು ಮುಲಾಜಿಲ್ಲದೆ ಹೇಳಿಬಿಡುತ್ತಿದ್ದಳು.

ಮಾವನ ಆಂಪ್ಲಿಫೈಯರಿನೊಳಗಿನ ಸ್ಪೀಕರಿಗೆ ಮಾತ್ರ ಆ ತೀರ್ಪು ಇಲ್ಲ. ಮಾವ ತೀರಿಕೊಂಡ ಮೇಲೆ ಗಿಟಾರಿನ ಜೊತೆ ಅದೂ ನನ್ನ ಪಾಲಿಗೆ ಬಂತು. ದಪ್ಪ ತಂತಿ ಮೀಟಿದರೆ ಗೊರಗೊರ. ಮಾವ ಬಾರಿಸುತ್ತಿದ್ದಾಗಲೂ ಹಾಗೇ. ತೆಳು ಕಾಗದ ಅಂಟಿಸಿ ಅಂಟಿಸಿ ಅತ್ತೆ ಅದನ್ನು ಕೌದಿ ಮಾಡಿಟ್ಟಿದ್ದಳು.

"ಊರೋರ್ಗೆಲ್ಲ ಬೇರೆ ಆಕ್ಸು ಅಂತೀಯ, ನಿಂದಕ್ಯಾಕೆ ಆಕಲ್ಲ?" ಎಂದು ರೇಗಿಸಿದೆ.

"ಗೊರಗುಟ್ಲಿ ಬಿಡ್ಲಾ. ನಿಮ್ಮಾವ ಮನೇಲವ್ರೆ ಅನ್ಸ್ತದೆ."

ಆ ಮಾತು ನಾನು ಮತ್ತೆ ಎತ್ತಲಿಲ್ಲ.

ಕಳೆದ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಎಂದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕಳಿಸಿದರು. ಬಂದವಳೇ ನನ್ನನ್ನು ರಾಬರ್ಟ್‌ಸನ್‌ಪೇಟೆಗೆ ಅಟ್ಟಿದಳು. "ಅದೇ ಅಳತೆ, ಅದೇ ಓಮ್ಸ್ ನೋಡಿ ಒಸಾ ಸ್ಪೀಕರ್ ತಗಂಬಾ."

ಮಂಚಕ್ಕೆ ಒರಗಿಕೊಂಡೇ ಹಳೆಯದರ ವೈರು ಬಿಡಿಸಿದಳು. ಹೊಸದಕ್ಕೆ ಬೆಸುಗೆ ನಾನು ಹಾಕಿದೆ. ಸ್ಕ್ರೂಗಳನ್ನು ಒಂದರ ಪಕ್ಕ ಒಂದು ಬಿಗಿಯುತ್ತಾ ಹೋದರೆ ತಡೆದಳು. "ಅಂಗಲ್ಲ ಕಣ್ಲಾ, ಎದುರಾಬದುರು ಬಿಗಿ. ಒಂದೇ ಕಡೆ ಎಳುದ್ರೆ ಸೊಟ್ಟಗಾಯ್ತದೆ."

"ಈಗ್ಯಾಕತ್ತೆ ಇದೆಲ್ಲ?" ಎಂದೆ.

ನಮ್ಮ ಲೈನಿನಲ್ಲಿ ಹೆಣ ಎತ್ತುವ ಮುಂಚೆ ಅಕ್ಕಪಕ್ಕದವರು ಮನೆ ಮುಂದೆ ಕೂತು ಪದ ಹಾಡುತ್ತಾರೆ. ಯಾರ ಮನೆಯಾದರೂ ಗಿಟಾರ್ ನನ್ನದೇ. ಅತ್ತೆ ಅದನ್ನೇ ಯೋಚಿಸಿದ್ದಳು.

"ನನ್ ಮುಂದೆ ನೀನೇ ತಾನೆ ಬಾರ್ಸೋದು? ಆ ಗೊರಗೊರ ಸದ್ದು ಕೇಳುದ್ರೆ ನಿಮ್ಮಾವ ನೆಪ್ಪಾಯ್ತಾರೆ, ನೀನು ಅತ್ಕಂಡು ಕೂತ್ಕಂತೀಯ. ಪದ ನಿಂತೋಯ್ತದೆ. ಆ ಅಳೇ ಸ್ಪೀಕರ್ನ ನನ್ ಜತೆ ಮಣ್ಣಿಗಾಕು."

ಉಳಿದ ಸ್ಕ್ರೂಗಳನ್ನು ಎದುರಾಬದುರು ಬಿಗಿದೆ.

ತಿಂಗಳು ತುಂಬುವ ಮೊದಲೇ ಹೋದಳು. ಹಳೆಯ ಸ್ಪೀಕರನ್ನು ಅವಳದೇ ಸೀರೆಯಲ್ಲಿ ಸುತ್ತಿ ಹೆಣದ ಪಕ್ಕದಲ್ಲಿಟ್ಟು ಬಾರಿಸಲು ಕೂತೆ. ದಪ್ಪ ತಂತಿ ಎಲ್ಲೂ ತೊಡರದೆ ಸ್ವಚ್ಛವಾಗಿ ನುಡಿಯಿತು. ಅತ್ತೆಯ ಲೆಕ್ಕ ತಪ್ಪಿದ್ದು ಅಲ್ಲಿಯೇ. ಗೊರಗೊರ ಇಲ್ಲದ ಆ ಸದ್ದು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಪದ ನಿಂತುಹೋಯಿತು.