ಬಾಯಿಬಿಟ್ಟು ಹೇಳಿದ ಬೆಲೆ

ಪ್ರತಿ ಶುಕ್ರವಾರ ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಿಂದ ‘ಗರಕ್... ಗರಕ್’ ಎಂದು ಸದ್ದು ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವರ ಕಾರು ಆ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಕೂಡ ಇರಲಿಲ್ಲ. ಆದರೂ ಡ್ರೈವರ್ ವಾರಕ್ಕೊಮ್ಮೆ ಬಂದು, ಮುಂದುಗಡೆ ಹ್ಯಾಂಡಲ್ ಹಾಕಿ, ಎಂಜಿನ್ ಜಾಮ್ ಆಗದಿರಲಿ ಎಂದು ತಿರುಗಿಸಿ ಹೋಗುತ್ತಿದ್ದ. ಸಂಬಳ ನಿಂತು ಎಷ್ಟೋ ಕಾಲವಾಗಿತ್ತು. ಬರಬೇಡ ಎಂದು ಅವನಿಗೆ ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ಅವನು ಊರಾಚೆಯ ಕೇರಿಯವನು. ಅಪ್ಪನಿಗೆ ಅವನಿಲ್ಲದೆ ಆಗುತ್ತಿರಲಿಲ್ಲ. ಹಾಸನದ ಕೋರ್ಟಿಗೆ, ಅರಕಲಗೂಡಿನ ನೆಂಟರ ಮನೆಗೆ, ಎಲ್ಲಿಗಾದರೂ ಅವನೇ. ತಿಂಗಳ ಕೊನೆಯಲ್ಲಿ ಅಪ್ಪ ಸಂಬಳವನ್ನು ಬಾನೆಟ್ ಮೇಲೆ ಇಡುತ್ತಿದ್ದರು, ಅವನು ಅಲ್ಲಿಂದ ಎತ್ತಿಕೊಳ್ಳುತ್ತಿದ್ದ. ಕಾನ್ವೆಂಟ್ ಹಾಸ್ಟೆಲ್ಲಿನಿಂದ ರಜಕ್ಕೆ ಬರುತ್ತಿದ್ದ ನಾನು ಅದನ್ನೊಂದು ಸ್ಟೈಲ್ ಅಂದುಕೊಂಡಿದ್ದೆ.

ಒಂದು ವರ್ಷ ದಸರಾ ರಜದಲ್ಲಿ ಅವನು ಹಿತ್ತಲ ಬಾಗಿಲಲ್ಲಿ ನಿಂತು ಅಮ್ಮನನ್ನು ಕೇಳಿದ.

“ಅಮ್ಮಾವ್ರೇ, ಕಾರ್ ಕೊಡಾದಾದ್ರೆ ನಂಗೊಂದ್ ಮಾತ್ ಯೇಳಿ. ಎಮ್ಮೆ ಮಾರಿ ಕಾಸ್ ಮಡಗಿವ್ನಿ. ಆಸನದಿಂದ ಅರಕಲಗೂಡ್ಗೆ ಟ್ಯಾಕ್ಸಿ ಓಡಿಸ್ಕತೀನಿ.”

“ಆ ಇಲಿ ತಿಂದಿರೋ ಸೀಟ್ ಮೇಲೆ ಯಾರು ಕೂರ್ತಾರೋ?”

“ನಮ್ ಬಸ್ನಾಗೆ ನಿಲ್ಲಾಕೂ ಜಾಗ ಸಿಕ್ಕಲ್ಲ ಕಣ್ರವ್ವ, ಇದ್ರಾಗೆ ಕೂತ್ಕತಾರೆ ಬುಡಿ.”

ಅಮ್ಮ ಎಷ್ಟೋ ದಿನದ ಮೇಲೆ ನಕ್ಕರು. ಅಂದು ಸಂಜೆಯೇ ಚಿಕ್ಕಪ್ಪನಿಗೆ, “ಅವನೇ ತಗೊಳ್ಳಲಿ, ಅವನು ಇಟ್ಟುಕೊಂಡ ಹಾಗೆ ಯಾರೂ ಇಟ್ಕೊಳಲ್ಲ” ಎಂದರು. ಚಿಕ್ಕಪ್ಪ ಬೇಡ ಅನ್ನಲಿಲ್ಲ. “ಆಗಲಿ ಅತ್ತಿಗೆ. ಬಾಗೂರಿಂದಲೂ ಒಬ್ಬರು ಕೇಳಿದಾರೆ. ಇಬ್ಬರನ್ನೂ ಕರೆಸೋಣ, ಹೆಚ್ಚಿಗೆ ಕೊಟ್ಟೋರಿಗೆ” ಎಂದರು. ಇದಕ್ಕಿಂತ ಫೇರ್ ಏನಿದೆ ಅನ್ನಿಸಿತು ನನಗೆ.

ಬಾಗೂರಿನವರು ದನದ ವ್ಯಾಪಾರದವರು. ಚನ್ನರಾಯಪಟ್ಟಣದ ಸಾಹುಕಾರರೊಬ್ಬರ ಪರವಾಗಿ ಬಂದಿದ್ದರು. ಶೆಡ್ಡಿನಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು, ನೆಲಕ್ಕೆ ಕೂತಿದ್ದ ಟೈರು ಒದ್ದು, ಉಬ್ಬಿ ಎದ್ದಿದ್ದ ಬಣ್ಣವನ್ನು ಉಗುರಿನಲ್ಲಿ ಕೆರೆದು, ಬಾನೆಟ್ ಎತ್ತಿ ಒಳಗೆ ಇಣುಕಿದರು.

“ಇದ್ಕೆ ಅಲ್ಲು ಎಣಿಸಾದು ಎಲ್ಲಿ ಸ್ವಾಮಿ?”

“ಎಣಿಸಿದ್ರೆ ಕಚ್ಚುತ್ತೆ” ಎಂದರು ಚಿಕ್ಕಪ್ಪ. “ರಿಪೇರಿ ಗಿಪೇರಿ ನಾವು ಮಾಡಿಸಲ್ಲ. ಇದ್ದದ್ದು ಇದ್ದ ಹಾಗೆ.”

ಆಮೇಲೆ ಜಗಲಿಗೆ ಬಂದು, ದನ ಕೊಳ್ಳುವವರು ಮಾಡುವ ಹಾಗೇ ಬೆಲೆ ಮಾಡಲು ಕೂತರು. ಹೆಗಲ ಮೇಲಿನ ಟವಲ್ ತೆಗೆದು ಇಬ್ಬರ ಕೈ ಮುಚ್ಚುವಂತೆ ಹಾಸಿಕೊಳ್ಳುವುದು, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ತಿಳಿಸುವುದು. ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಾಗದು. ನಾನೂ ಅಮ್ಮನೂ ಬಾಗಿಲ ಸಂದಿಯಿಂದ ನೋಡುತ್ತಿದ್ದೆವು.

ಡ್ರೈವರ್ ಅಂಗಳದಲ್ಲಿ ನಿಂತಿದ್ದ. ಒಗೆದ ಅಂಗಿ ಹಾಕಿದ್ದ. ಚಿಕ್ಕಪ್ಪ ಟವಲ್ ಹಾಸಿಕೊಂಡು ಅವನ ಕಡೆ ನೋಡಿದರು. ಅವನು ಒಂದು ಹೆಜ್ಜೆ ಮುಂದೆ ಬಂದ.

“ನೀನು ಅಲ್ಲಿಂದಲೇ ಬಾಯಲ್ಲಿ ಹೇಳಪ್ಪ” ಎಂದರು ಚಿಕ್ಕಪ್ಪ, ಬಹಳ ಮೆತ್ತಗೆ. “ನಮ್ಮವನೇ ತಾನೆ ನೀನು, ನಿನಗ್ಯಾತಕ್ಕೆ ಗುಟ್ಟು?”

ಅವನು ಬಾಗೂರಿನವರನ್ನು ನೋಡಿದ, ನೆಲ ನೋಡಿದ. “ಸಾವ್ರದ್ ನೂರು, ಬುದ್ಧಿ” ಎಂದ.

ಬಾಗೂರಿನವರು ಟವಲ್ಲಿನೊಳಕ್ಕೆ ಕೈ ತೂರಿಸಿದರು. ಒಂದು ಕ್ಷಣವೂ ಬೇಕಾಗಲಿಲ್ಲ. ಚಿಕ್ಕಪ್ಪ ತಲೆಯಾಡಿಸಿ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ನಾನಿನ್ನೂ ಸೇರಿಸ್ತೀನಿ ಬುದ್ಧಿ.”

“ಕೈ ಬಿದ್ದಾಯ್ತಲ್ಲಪ್ಪ, ವ್ಯಾಪಾರ ಮುಗೀತು. ಕೈ ಬಿದ್ದ ಮೇಲೆ ಮಾತು ತೆಗೀಬಾರದು.”

ಬಾಗೂರಿನವರು ಹಿಡಿದದ್ದು ಅವನ ಬೆಲೆಗಿಂತ ಬರೀ ಐವತ್ತು ಹೆಚ್ಚು ಎಂದು ಊಟಕ್ಕೆ ಕೂತಾಗ ಚಿಕ್ಕಪ್ಪನೇ ಖುಷಿಯಿಂದ ಹೇಳಿದರು. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟು, “ಅವನ ಕೈ ಹಿಡಿದಿದ್ದರೆ ನಿಮ್ಮ ಕೈ ಏನು ಸವೆದು ಹೋಗ್ತಿತ್ತಾ?” ಎಂದು ಕೇಳಿದರು. ಚಿಕ್ಕಪ್ಪ ಮಜ್ಜಿಗೆ ಕೇಳಿದರು. ಎರಡು ದಿನದ ಮೇಲೆ ಬಾಗೂರಿನವರು ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆದುಕೊಂಡು ಹೋದರು. ಡ್ರೈವರ್ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅಮ್ಮ ಎರಡು ಸಲ ಹೇಳಿ ಕಳಿಸಿದರು, ಬರಲಿಲ್ಲ.

ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಏನೇನೋ ಕಲಿಸಿದರು. ಚಿಕ್ಕಪ್ಪ ಅಂದು ಅಷ್ಟು ಪೊಲೈಟ್ ಆಗಿ ಮಾತಾಡಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ. ಬೈದಿದ್ದರೆ ಮರೆಯಬಹುದಿತ್ತೇನೋ.

ನನ್ನ ಮದುವೆಯಾಗಿ ಕೆಲವು ವರ್ಷದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನ ಎದುರು ಅವನು ಸಿಕ್ಕಿದ. ಕಿವಿಯ ಹತ್ತಿರ ಕೂದಲು ನರೆತಿತ್ತು. ಮಲ್ಲಿಪಟ್ಟಣದ ಯಾರದೋ ಜೀಪು ಓಡಿಸುತ್ತಿದ್ದ. ಮಾಲೀಕರು ಎದುರಿನ ಅಂಗಡಿಗೆ ಹೋಗಿದ್ದರು.

“ಪುಟ್ಟಮ್ಮಾರೇ, ಅಮ್ಮಾವ್ರು ಚೆಂದಾಗವ್ರಾ?” ಎಂದ.

ಚೆನ್ನಾಗಿದ್ದಾರೆ ಎಂದೆ. ಕಾರಿನ ವಿಷಯ ನಾನೇ ಎತ್ತಿದೆ.

“ಚನ್ನರಾಯಪಟ್ಣದ್ ಸಾವುಕಾರ್ರು ಅದುನ್ನ ಟ್ಯಾಕ್ಸಿ ಮಾಡುದ್ರು. ಓಗಿ ಕೇಳ್ದೆ, ನನ್ನೇ ಡ್ರೈವರ್ ಮಾಡ್ಕಂಡ್ರು. ಎಲ್ಡ್ ವರ್ಸ ಓಡಿಸ್ದೆ. ಚೆಂದಾಗ್ ಓಡ್ತು ಕಣ್ರವ್ವ” ಎಂದ. ಮುಖದಲ್ಲಿ ಕಹಿ ಇರಲಿಲ್ಲ, ಅಥವಾ ನನಗೆ ಕಾಣಿಸಲಿಲ್ಲ.

ನನ್ನ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಮಾಲೀಕರು ಎದುರಿನ ಅಂಗಡಿಯಿಂದ ಬರುವುದರೊಳಗೆ ಮುಗಿಯಲಿ ಎಂದು ಅವನು ಬೇಗ ಬೇಗ ಜೀಪಿನ ಗಾಜು ಒರೆಸುತ್ತಿದ್ದ.