ಮೂರು ಸ್ಪ್ರಿಂಗಿನ ಪೆಟ್ಟಿಗೆ

ವಾಡಿಯಲ್ಲಿ ಬಂದೇಅಲಿ ಎಲ್ಲಿದ್ದಾನೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಗುಡುಗು ಸಾಹೇಬ ಎಂದರೆ ಮನೆ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಅವನಿಗೆ ಈ ಹೆಸರು ಅಂಟುವುದರಲ್ಲಿ ನನ್ನ ಪಾಲೂ ಇದೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಾನು ಗುರುಲಿಂಗಪ್ಪ, ವಾಡಿ ಸ್ಟೇಷನ್ನಿನ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಂದೇಅಲಿ ಸಿಮೆಂಟು ಕಾರ್ಖಾನೆಯಲ್ಲಿ ಫಿಟ್ಟರ್. ಇಬ್ಬರೂ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ದೊಡ್ಡವರಾದ ಮೇಲೂ ಹಳಿಯ ಬದಿಯಲ್ಲೇ ಮನೆ ಮಾಡಿಕೊಂಡವರು. ಗೋವಾದ ಇಂಜಿನ್ ಡ್ರೈವರ್ ಒಬ್ಬ ವರ್ಗವಾಗಿ ಹೋಗುವಾಗ ತನ್ನ ಗಿಟಾರನ್ನು ಇವನಿಗೆ ಕೊಟ್ಟುಹೋಗಿದ್ದ. ಬಂದೇಅಲಿ ಅದಕ್ಕೆ ತಂತಿಯ ಸದ್ದು ಹಿಡಿಯುವ ಪಿಕಪ್ ತಾನೇ ಕೂಡಿಸಿ ಕರೆಂಟಿನ ಗಿಟಾರ ಮಾಡಿಕೊಂಡು, ಸಾಯಬಣ್ಣನ ಆರ್ಕೆಸ್ಟ್ರಾದಲ್ಲಿ ಸೇಡಂನಿಂದ ಶಹಾಬಾದದ ತನಕ ಮದುವೆಗಳಲ್ಲಿ ಬಾರಿಸುತ್ತಿದ್ದ.

೧೯೭೪ರಲ್ಲಿ ಸಾಯಬಣ್ಣ ಒಂದು ದಿನ ಹಾರ್ಮೋನಿಯಂ ಮುಚ್ಚಿ ಮಾತು ತೆಗೆದ.

“ಬಂದೇಅಲಿ, ನಿನ್ನ ಗಿಟಾರ ಭಾಳ ಒಣಾ ಕೇಳ್ತದ. ರೇಡಿಯೋದಾಗಿನ ಗಿಟಾರಕ್ಕ ಹಿಂದ ಒಂದು ಗುಂಗು ಇರ್ತದ ನೋಡು. ನಿಂದು ಕಟಗಿ ಬಡದಂಗ ಆಗ್ತದ. ಫ್ಯಾಕ್ಟರಿ ವಾರ್ಷಿಕೋತ್ಸವ ತನಾ ನೋಡ್ತೀನಿ. ಆಮ್ಯಾಲ ಸೇಡಂದಿಂದ ಅಕಾರ್ಡಿಯನ್ನಿನವನಿಗಿ ಕರಸ್ತೀನಿ.”

ಬಂದೇಅಲಿ ಎರಡು ದಿನ ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತ. ಮೂರನೆಯ ದಿನ ನನ್ನನ್ನು ಎಳೆದುಕೊಂಡು ಶಹಾಬಾದದ ಹಳೆಯ ಫರಸಿ ಕಲ್ಲಿನ ಖಣಿಗೆ ಹೋದ. ಕೆಲಸ ನಿಂತ ಖಣಿ, ನಾಲ್ಕೂ ಕಡೆ ಗೋಡೆಯಂತೆ ಕಲ್ಲು. ತಳದಲ್ಲಿ ಕುಳಿತು ಒಂದು ತಂತಿ ಮೀಟಿದ. ಸದ್ದು ಗೋಡೆಗೆ ಹೋಗಿ, ತಿರುಗಿ ಬಂದು, ನಮ್ಮ ಸುತ್ತ ಸ್ವಲ್ಪ ಹೊತ್ತು ನಿಂತು ಹೋಯಿತು.

“ಇದೇ ಬೇಕು ನನಗ. ಈ ಖಣಿ ಸ್ಟೇಜಿನ ಮ್ಯಾಲ ಒಯ್ಯಾಕ ಬರ್ತದೇನು ಗುರುಲಿಂಗಪ್ಪಾ?”

ಬರುತ್ತದೆ ಎಂದು ಹೇಳಿದವನು ಮೈಕ್ ಸೆಟ್ಟಿನ ಅಂಗಡಿಯವನು. ಸಿಕಂದರಾಬಾದಿನಲ್ಲಿ ಅಂಥ ಪೆಟ್ಟಿಗೆ ಸಿಗುತ್ತದಂತೆ. ಗಿಟಾರಿನ ವೈರು ಒಂದು ಕಡೆ ಒಳಗೆ ಹೋಗುತ್ತದೆ, ಸದ್ದು ಒಳಗಿನ ಸ್ಪ್ರಿಂಗಿನ ಮೇಲೆ ಓಡಾಡಿ ಗುಂಗು ಹಿಡಿಸಿಕೊಂಡು ಇನ್ನೊಂದು ಕಡೆ ಹೊರಬರುತ್ತದೆ. ನನ್ನ ಹತ್ತಿರ ರೈಲ್ವೆ ಪಾಸಿತ್ತು, ಅವನ ಹತ್ತಿರ ರಜೆಯಿತ್ತು. ಇಬ್ಬರೂ ಹೋದೆವು.

ಅಂಗಡಿ ಒಬ್ಬ ಪಾರ್ಸಿ ಮುದುಕನದು. ಅವನು ಮೂರು ಮಾಲು ತೋರಿಸಿದ. ಮೊದಲನೆಯದು ಟಿಫಿನ್ ಡಬ್ಬಿಯಷ್ಟು, ಒಳಗೆ ಎರಡು ಗಿಡ್ಡ ಸ್ಪ್ರಿಂಗು. ಬಚ್ಚಲಮನೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ ಎಂದು ಬಂದೇಅಲಿ ಬದಿಗಿಟ್ಟ. ಎರಡನೆಯದು ಆಂಪ್ಲಿಫಾಯರಿನ ಹೊಟ್ಟೆಯಲ್ಲೇ ಕೂಡಿಸಿದ್ದು. ಆಂಪ್ಲಿಫಾಯರ್ ಸಾಯಬಣ್ಣನ ಹತ್ತಿರ ಇದೆ, ನನಗೆ ಗುಂಗು ಮಾತ್ರ ಬೇಕು ಎಂದ. ಮೂರನೆಯದು ಟ್ರಂಕಿನಷ್ಟು ದೊಡ್ಡ ಬಿಡಿ ಪೆಟ್ಟಿಗೆ. ಒಳಗೆ ಮೊಳದುದ್ದದ ಮೂರು ಸ್ಪ್ರಿಂಗು, ಗುಂಗು ಹೆಚ್ಚು ಕಡಿಮೆ ಮಾಡಲು ಒಂದು ಗುಂಡಿ, ಅದರ ಚೂಪು ತಗ್ಗಿಸಲು ಇನ್ನೊಂದು.

ಅರ್ಧ ದಿನ ಪರೀಕ್ಷೆ ನಡೆಯಿತು. ಒಂಟಿ ತಂತಿ ಮೀಟಿದ, ಆರೂ ತಂತಿ ಒಟ್ಟಿಗೆ ಎಳೆದ, ಅಂಗೈಯಿಂದ ಒತ್ತಿ ಹಿಡಿದು ಬಾರಿಸಿದ. ಚಮಚದ ಹಿಡಿಕೆಯಿಂದ ತಂತಿ ಕೆರೆದಾಗ ಮುದುಕಿ ನಕ್ಕ ಹಾಗಾಯಿತು. ನಾಣ್ಯದಿಂದ ತಿಕ್ಕಿದಾಗ ಬಾವಿಯಲ್ಲಿ ಕೊಡ ಬಿದ್ದ ಹಾಗಾಯಿತು. ಇವೆಲ್ಲ ಯಾವ ಹಾಡಿಗೆ ಬೇಕೋ ದೇವರಿಗೇ ಗೊತ್ತು. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಸತಾಯಿಸುವುದಿಲ್ಲ. ಕೊನೆಗೆ ಮೂರನೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು, “ಇದು ನಮ್ಮ ಖಣಿ” ಎಂದ.

ಪಾರ್ಸಿ ಮುದುಕ ಒಳ್ಳೆಯವನು. ಉದ್ದ ಸ್ಪ್ರಿಂಗು ಬಹಳ ಸೂಕ್ಷ್ಮ, ನೆಲ ಸ್ವಲ್ಪ ನಡುಗಿದರೂ ಕೂಗುತ್ತದೆ, ನಿಮ್ಮ ಊರಲ್ಲಿ ಅಂಥ ತೊಂದರೆ ಏನಾದರೂ ಇದೆಯೇ ಎಂದು ವಿಚಾರಿಸಿದ.

ಬಂದೇಅಲಿ ಎದೆ ಮುಟ್ಟಿಕೊಂಡು ಹೇಳಿದ, ನಮ್ಮದು ಭಾಳ ಶಾಂತ ಊರು ಎಂದು. ಹೌದಲ್ಲ ಎಂಬಂತೆ ನನ್ನ ಕಡೆ ನೋಡಿದ. ನಾನೂ ತಲೆಯಾಡಿಸಿದೆ. ಯಾವ ಗಾಡಿ ಎಷ್ಟು ಗಂಟೆಗೆ ಬರುತ್ತದೆಂದು ನನಗೆ ಬಾಯಿಪಾಠವಿತ್ತು, ಆದರೂ ತಲೆಯಾಡಿಸಿದೆ. ನಾವು ಸುಳ್ಳು ಹೇಳಲಿಲ್ಲ. ಹಳಿಯ ಬದಿಯಲ್ಲಿ ಹುಟ್ಟಿದ ವಾಡಿಯ ಮನುಷ್ಯನಿಗೆ ಗಾಡಿ ಬಂದರೆ ಎಚ್ಚರವಾಗುವುದಿಲ್ಲ, ಬರದಿದ್ದರೆ ಆಗುತ್ತದೆ.

ಪೆಟ್ಟಿಗೆ ಮನೆಗೆ ಬಂತು. ಮರುದಿನ ಅವನು ಬಾರಿಸುತ್ತ ಕುಳಿತಿದ್ದ, ನಾನು ಚಹಾ ಕುಡಿಯುತ್ತಿದ್ದೆ. ಅವನ ಹೆಂಡತಿ ಅಖ್ತರ ಬೇಗಂ ಚಿಂಚೋಳಿ ಕಡೆಯವಳು, ರೈಲಿಲ್ಲದ ಊರಿನ ಹೆಣ್ಣುಮಗಳು. ಅವಳು ಬಾಗಿಲಲ್ಲಿ ನಿಂತು ಕೇಳಿದಳು:

“ಗುರುಲಿಂಗಪ್ಪಣ್ಣಾ, ಗಾಡಿ ಬಂದಾಗೊಮ್ಮಿ ಈ ಪೆಟ್ಟಿಗಿ ಗುಡುಗ್ಲಿಕತ್ತದಲ್ಲ?”

“ಅದು ಗಾಡೀ ಸಪ್ಪಳ ಅದ ತಂಗಿ.”

“ಗಾಡಿ ಹೋದ ಮ್ಯಾಲೂ ಗುಡುಗ್ತದಲ್ಲರಿ?”

“ಗಾಡಿ ಉದ್ದ ಇರ್ತಾವಮ್ಮ” ಎಂದು ನಾನು ರೈಲ್ವೆ ನೌಕರನ ಗತ್ತಿನಲ್ಲಿ ತಿಳಿಸಿ ಹೇಳಿದೆ. ಬಂದೇಅಲಿ ನಕ್ಕ. ಅವಳು ಒಳಗೆ ಹೋದಳು.

ವಾರ್ಷಿಕೋತ್ಸವದ ಸಂಜೆ ಕಾರ್ಖಾನೆಯ ಮೈದಾನದಲ್ಲಿ ಹಲಗೆಯ ಸ್ಟೇಜು ಹಾಕಿದ್ದರು. ಹಿಂದುಗಡೆಯೇ ಹಳಿ. ಎರಡನೆಯ ಹಾಡಿನಲ್ಲಿ ಬಂದೇಅಲಿಗೆ ಒಬ್ಬನೇ ಬಾರಿಸುವ ಅವಕಾಶ ಸಿಕ್ಕಿತು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ಒಂದೊಂದು ಸ್ವರವೂ ಮೈದಾನದ ಮೇಲೆ ನಿಂತು ನಿಂತು ಹೋಗುತ್ತಿತ್ತು. ಸಾಯಬಣ್ಣ ಕಣ್ಣು ಮುಚ್ಚಿ ತಲೆದೂಗಿದ. ಅಷ್ಟರಲ್ಲಿ ಕಲ್ಲಿದ್ದಲಿನ ಗೂಡ್ಸು ಬಂತು. ಹಲಗೆ ನಡುಗಿತು, ಮೂರೂ ಸ್ಪ್ರಿಂಗು ಒಂದಕ್ಕೊಂದು ಬಡಿದವು, ಕಂಬಕ್ಕೆ ಕಟ್ಟಿದ ನಾಲ್ಕು ಭೋಂಗಾ ಸ್ಪೀಕರುಗಳಿಂದ ಸಿಡಿಲು ಬಿದ್ದ ಹಾಗೆ ಸದ್ದು ಹೊರಟಿತು. ಜನ ಎದ್ದು ಆಕಾಶ ನೋಡಿದರು. ಮೋಡವೇ ಇಲ್ಲ! ಗುಡುಗು ಎಲ್ಲಿಂದ ಬಂತೆಂದು ತಿಳಿದ ಮೇಲೆ ಶಿಳ್ಳೆ ಹೊಡೆದು, ಒನ್ಸ್ ಮೋರ್ ಎಂದು ಕೂಗಿದರು. ಬಂದೇಅಲಿ ಗಿಟಾರ ಹಿಡಿದುಕೊಂಡು ಪೆಟ್ಟಿಗೆಯನ್ನೇ ನೋಡುತ್ತ ನಿಂತ. ಹೆಂಗಸರ ಕಡೆ ಅಖ್ತರ ಬೇಗಂ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ.

ಒಂದು ವಾರಕ್ಕೆ ಶಿವಕಾಂತಮ್ಮ ಬಂದರು. ಚಿಂಚೋಳಿಯಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲಕರು.

“ಸಾಹೇಬ್ರ, ನಾಟಕದಾಗ ತಗಡು ಅಳ್ಳಾಡ್ಸಿ ಗುಡುಗು ಮಾಡಿದ್ರ ಜನ ನಗ್ತಾರ. ನಿಮ್ಮ ಪೆಟ್ಟಿಗಿ ಸುದ್ದಿ ಕೇಳೀನಿ. ನಮ್ಮ ಕಂಪನಿಗಿ ಬರ್ರಿ.”

“ಅವ್ವಾ, ನಾ ಗಿಟಾರ ಬಾರಸಾಂವ.”

“ಬಾರಸ್ರಿ, ಯಾರ್ ಬ್ಯಾಡ ಅಂದಾರ? ಗುಡುಗು ಆದ ಮ್ಯಾಲ ಬಾರಸ್ರಿ.”

ಅವನು ನನ್ನ ಸಲಹೆ ಕೇಳಿದ. ಹೋಗು, ಗುಡುಗು ಕೇಳಲು ಬಂದವರು ಗಿಟಾರವನ್ನೂ ಕೇಳುತ್ತಾರೆ ಎಂದೆ. ಹೋದ. ಚಿಂಚೋಳಿಯಲ್ಲಿ ರೈಲಿಲ್ಲ, ಹಾಗಾಗಿ ಪೆಟ್ಟಿಗೆಯನ್ನು ಬೂಟುಗಾಲಿನಿಂದ ಒದೆಯುವುದು ಕಲಿತ. ಸೊಸೆಯನ್ನು ಮನೆಯಿಂದ ಹೊರಹಾಕುವಾಗ ಒಂದು ಗುಡುಗು, ಯಮ ಬರುವಾಗ ಇನ್ನೊಂದು, ಭೂಕಂಪಕ್ಕೆ ಸ್ಪ್ರಿಂಗನ್ನೇ ಕೈಯಿಂದ ಎಳೆದು ಬಿಡುವುದು. ಅಂಗಡಿಯಲ್ಲಿ ಮುದುಕಿಯಂತೆ ನಕ್ಕ ಚಮಚಕ್ಕೂ ಪಾತ್ರ ಸಿಕ್ಕಿತು, ದೆವ್ವದ್ದು. ಗುಡುಗಿನ ನಂತರ ಗಿಟಾರ ಬಾರಿಸು ಎಂದು ಮಾತ್ರ ಯಾರೂ ಹೇಳಲಿಲ್ಲ. ಸಾಯಬಣ್ಣನ ಆರ್ಕೆಸ್ಟ್ರಾದಲ್ಲಿ ಅವನ ಜಾಗಕ್ಕೆ ಅಕಾರ್ಡಿಯನ್ನಿನವನು ಬಂದು ಕುಳಿತ. ಮುಂದೆ ಕಂಪನಿಯ ಜೀಪಿನಲ್ಲಿ ಜಾಗ ಸಾಲದೆಂದು ಗಿಟಾರ ಮನೆಯಲ್ಲೇ ಉಳಿಯಿತು. ಹನ್ನೆರಡು ವರ್ಷ, ಕಾರ್ಖಾನೆಗೆ ರಜೆ ಹಾಕಿ ಹಾಕಿ, ಅವನು ಈ ಸೀಮೆಗೆಲ್ಲ ಗುಡುಗು ಹಂಚಿದ.

೧೯೮೬ರಲ್ಲಿ ಅವನು ನಿವೃತ್ತನಾದಾಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಮಾರಂಭ ಮಾಡಿದರು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಆಮೇಲೆ ಬಂದೇಅಲಿ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಗಿಟಾರ ತೊಡೆಯ ಮೇಲೆ ಇಟ್ಟುಕೊಂಡ. ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದನೆಂದು ಅಖ್ತರ ಬೇಗಂ ನನಗೆ ಹೇಳಿದ್ದು ಆಮೇಲೆ. ತಲೆ ಬಗ್ಗಿಸಿ, ನಿಧಾನವಾಗಿ, ಐದಾರು ನಿಮಿಷ ಬಾರಿಸಿದ. ಜನ ಪಿಸುಪಿಸು ಮಾತಾಡುತ್ತ, ಬಾಳೆಹಣ್ಣು ಸುಲಿಯುತ್ತ ಕಾದರು. ಅವನು ಕೈ ನಿಲ್ಲಿಸಿ ತಲೆಯೆತ್ತಿದ. ಆಗ ಮುಂದಿನ ಸಾಲಿನಿಂದ ಒಬ್ಬ ಕೂಗಿದ:

“ತಂತಿ ಸರಿ ಆದ್ವೇನ್ ಸಾಹೇಬ? ಶುರು ಮಾಡ್ರಿ ಮತ್ತ, ಜನ ಕುಂತಾರ!”

ಆ ಒಬ್ಬ ನಾನೇ. ಮುಗಿಸಿದ್ದಾನೆ ಎಂದು ನನಗೆ ತಿಳಿಯಲಿಲ್ಲ, ಶುರು ಮಾಡಿದ್ದೂ ತಿಳಿದಿರಲಿಲ್ಲ. ಬಂದೇಅಲಿ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಗಿಟಾರನ್ನು ಗೋಡೆಗೆ ಒರಗಿಸಿ, ಎದ್ದು ನಿಂತು, ಪೆಟ್ಟಿಗೆಯನ್ನು ಜೋರಾಗಿ ಒದ್ದ. ಕ್ಯಾಂಟೀನು ನಡುಗಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.